ನುಡಿ ಹಾಕಲು ಹೋದರೆ ಜೊತೆಗೆ ಇನ್ನೂ ನಾಲ್ಕು ಬಂದವು: ಕರೆಯದ ಸಾಫ್ಟ್‌ವೇರ್ ತೆಗೆಯುವುದು ಹೇಗೆ?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದೇನೆ. ಎರಡು ಕಂಪ್ಯೂಟರ್ ಇವೆ, ಎರಡರಲ್ಲೂ ವಿಂಡೋಸ್ 11. ಹೋದ ವಾರ ಒಂದರಲ್ಲಿ ಕನ್ನಡ ಟೈಪ್ ಮಾಡುವ ನುಡಿಯನ್ನೂ ಪಿಡಿಎಫ್ ಜೋಡಿಸುವ ಉಚಿತ ಸಾಫ್ಟ್‌ವೇರ್ ಒಂದನ್ನೂ ಗೂಗಲ್‌ನಲ್ಲಿ ಹುಡುಕಿ ಹಾಕಿದೆವು. ಅಂದಿನಿಂದ ಕ್ರೋಮ್ ತೆರೆದರೆ ಬೇರೆ ಯಾವುದೋ ಸರ್ಚ್ ಪುಟ ಬರುತ್ತದೆ. ಬಲಗಡೆ ಕೆಳಮೂಲೆಯಲ್ಲಿ ‘5 ವೈರಸ್ ಸಿಕ್ಕಿವೆ’ ಎಂಬ ಎಚ್ಚರಿಕೆ ನಿಲ್ಲುತ್ತಲೇ ಇಲ್ಲ. ನಾವು ಹಾಕದ ಆಂಟಿವೈರಸ್ ಒಂದು ಬಂದು ಕೂತು ದುಡ್ಡು ಕೇಳುತ್ತಿದೆ. ಫಾರ್ಮ್ಯಾಟ್ ಹೊಡೆಸಬೇಕೇ? ಜನರ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳೆಲ್ಲ ಅದರಲ್ಲೇ ಇವೆ. ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಫಾರ್ಮ್ಯಾಟ್ ವಿಚಾರ ಆಮೇಲೆ. ಮೊದಲು ಆ ಕಂಪ್ಯೂಟರಿನ ನೆಟ್ ಕೇಬಲ್ ಎಳೆದಿಡಿ, ವೈಫೈ ಆಫ್ ಮಾಡಿ. ಕೆಲಸ ಮುಗಿಯುವವರೆಗೆ ಅದರಲ್ಲಿ ನಿಮ್ಮದಾಗಲಿ ಗಿರಾಕಿಗಳದ್ದಾಗಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ. ಬಂದ ಅರ್ಜಿಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ. ದುಡ್ಡು ಕೇಳುವ ಆಂಟಿವೈರಸ್‌ಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಎಚ್ಚರಿಕೆಯ ಕಿಟಕಿಯಲ್ಲಿ ಫೋನ್ ನಂಬರ್ ಇದ್ದರೆ ಅದಕ್ಕೆ ಕರೆ ಮಾಡಲೇಬೇಡಿ. ಆ ಕಡೆಯವರು ‘ಸರಿ ಮಾಡಿಕೊಡುತ್ತೇವೆ’ ಎಂದು ಎನಿಡೆಸ್ಕ್ ತರಹದ ಆಪ್ ಹಾಕಿಸಿ ಕಂಪ್ಯೂಟರನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ.

ತಪ್ಪು ನುಡಿಯದ್ದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನೀವು ಡೌನ್‌ಲೋಡ್ ಮಾಡಿದ್ದು ನುಡಿಯನ್ನಲ್ಲ, ‘ನುಡಿ ತಂದುಕೊಡುತ್ತೇನೆ’ ಎನ್ನುವ ಇನ್ನೊಬ್ಬರ ಫೈಲನ್ನು. ಡೌನ್‌ಲೋಡ್ ತಾಣಗಳು ಜನಪ್ರಿಯ ಸಾಫ್ಟ್‌ವೇರುಗಳ ಪ್ರತಿ ಇಟ್ಟುಕೊಂಡು ಅದರ ಮೇಲೆ ತಮ್ಮದೊಂದು ಹೊದಿಕೆ ಸುತ್ತುತ್ತವೆ. ಆ ಹೊದಿಕೆ ಮೊದಲು ಓಡುತ್ತದೆ, ಟೂಲ್‌ಬಾರ್, ಟ್ರಯಲ್ ಆಂಟಿವೈರಸ್, ‘ಪಿಸಿ ಕ್ಲೀನರ್’ ಎಂದು ಒಂದೊಂದನ್ನೇ ಮುಂದಿಡುತ್ತದೆ. ನೀವು ಒಪ್ಪಿದ ಒಂದೊಂದಕ್ಕೂ ಅವರಿಗೆ ಕಮಿಷನ್ ಸಿಗುತ್ತದೆ. ಉಚಿತ ಸಾಫ್ಟ್‌ವೇರಿನ ಸುತ್ತ ಇಷ್ಟು ದಟ್ಟಣೆ ಇರುವುದು ಈ ಕಮಿಷನ್‌ಗಾಗಿಯೇ.

ಇದು ಸಣ್ಣಪುಟ್ಟವರ ಕೆಲಸವಷ್ಟೇ ಎಂದುಕೊಳ್ಳಬೇಡಿ. ಒರಾಕಲ್ ಕಂಪನಿಯ ಜಾವಾ ಇನ್‌ಸ್ಟಾಲರ್ ಜೊತೆ ವರ್ಷಗಟ್ಟಲೆ ‘ಆಸ್ಕ್’ ಟೂಲ್‌ಬಾರ್ ಬರುತ್ತಿತ್ತು, ಟಿಕ್ ಮೊದಲೇ ಬಿದ್ದಿರುತ್ತಿತ್ತು. 2011ರಲ್ಲಿ ಎನ್‌ಮ್ಯಾಪ್‌ನಂಥ ಭದ್ರತಾ ಸಾಫ್ಟ್‌ವೇರಿಗೇ ಡೌನ್‌ಲೋಡ್ ಡಾಟ್ ಕಾಮ್ ತಾಣ ಇಂಥ ಹೊದಿಕೆ ಸುತ್ತಿತ್ತು. ಅದನ್ನು ಬರೆದವರೇ ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು. ಉಚಿತ ಸಾಫ್ಟ್‌ವೇರುಗಳ ತಾಣ ಸೋರ್ಸ್‌ಫೋರ್ಜ್ ಕೂಡ ಇದೇ ದಾರಿ ಹಿಡಿದಾಗ, ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ ತಂಡ 2013ರಲ್ಲಿ ಆ ತಾಣ ಬಿಟ್ಟಿತು. ಕೊನೆಗೆ 2016ರಲ್ಲಿ ಸೋರ್ಸ್‌ಫೋರ್ಜ್ ಕೈಬದಲಾಗಿ, ಹೊಸ ಮಾಲೀಕರು ಆ ಪದ್ಧತಿ ನಿಲ್ಲಿಸಿದರು. ದೊಡ್ಡವರಲ್ಲಿ ಕಡಿಮೆಯಾದರೂ ಹೆಸರಿಲ್ಲದ ತಾಣಗಳಲ್ಲಿ ಈ ವ್ಯವಹಾರ ಈಗಲೂ ನಡೆದೇ ಇದೆ.

ಆ ಇನ್‌ಸ್ಟಾಲರ್ ನಿಮ್ಮ ಕಣ್ಣೆದುರೇ ಹೇಗೆ ಒಪ್ಪಿಗೆ ಪಡೆದಿರುತ್ತದೆ ನೋಡಿ. ಮೊದಲ ಪರದೆಯಲ್ಲಿ ನಿಮಗೆ ಬೇಕಾದ ಸಾಫ್ಟ್‌ವೇರಿನ ಹೆಸರು, ಬಲಗಡೆ ಕೆಳಗೆ ದಪ್ಪ ಬಣ್ಣದ ‘ನೆಕ್ಸ್ಟ್’ ಬಟನ್. ಎರಡನೆಯದರಲ್ಲಿ ಲೈಸೆನ್ಸ್ ಬರಹ, ಅದೇ ಜಾಗದಲ್ಲಿ ‘ಐ ಅಗ್ರೀ’. ಮೂರನೆಯದೂ ಲೈಸೆನ್ಸ್‌ನಂತೆಯೇ ಕಾಣುತ್ತದೆ: ಸಣ್ಣ ಅಕ್ಷರದ ಉದ್ದುದ್ದ ಇಂಗ್ಲಿಷ್, ಅದೇ ಜಾಗದಲ್ಲಿ ‘ಅಕ್ಸೆಪ್ಟ್’. ಆದರೆ ಮೇಲಿನ ಸಾಲು ಓದಿದರೆ ಅಲ್ಲಿರುವ ಹೆಸರೇ ಬೇರೆ. ‘ಡಿಕ್ಲೈನ್’ ಎಂಬುದು ಪಕ್ಕದಲ್ಲಿ ಮಾಸಿದ ಬೂದು ಬಣ್ಣದಲ್ಲಿ, ಒತ್ತಿದರೂ ಕೆಲಸ ಮಾಡದೇನೋ ಎಂಬಂತೆ ಇರುತ್ತದೆ. ಒತ್ತಿದರೆ ಕೆಲಸ ಮಾಡುತ್ತದೆ, ಮುಖ್ಯ ಸಾಫ್ಟ್‌ವೇರೂ ನಿಲ್ಲುವುದಿಲ್ಲ. ನಿಂತುಹೋದರೆ ಆ ಫೈಲ್ ಬೇಡವೆಂದೇ ತಿಳಿಯಿರಿ. ಇನ್ನೊಂದು ಬಗೆಯಲ್ಲಿ ‘ಎಕ್ಸ್‌ಪ್ರೆಸ್’ ಅಥವಾ ‘ರೆಕಮೆಂಡೆಡ್’ ಎಂಬುದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ, ‘ಕಸ್ಟಮ್’ ಅಥವಾ ‘ಅಡ್ವಾನ್ಸ್ಡ್’ ಮಂಕಾಗಿರುತ್ತದೆ. ಕಸ್ಟಮ್ ಒತ್ತಿದಾಗಲೇ ಒಳಗಿನ ಟಿಕ್‌ಗಳು ಕಾಣುವುದು. ಕೌಂಟರಿನ ಮುಂದೆ ನಾಲ್ಕು ಜನ ನಿಂತಿರುವಾಗ ಯಾರಾದರೂ ಟಕಟಕ ನೆಕ್ಸ್ಟ್ ಒತ್ತಿಯೇ ಒತ್ತುತ್ತಾರೆ. ಬಟನ್‌ಗಳನ್ನು ಒಂದೇ ಜಾಗದಲ್ಲಿ ಇಟ್ಟಿರುವುದು ಆ ಅವಸರವನ್ನು ನಂಬಿಕೊಂಡೇ.

ಈಗ ಸ್ವಚ್ಛ ಮಾಡುವ ಕೆಲಸ. ‘ಸೆಟ್ಟಿಂಗ್ಸ್’, ‘ಆಪ್ಸ್’, ‘ಇನ್‌ಸ್ಟಾಲ್ಡ್ ಆಪ್ಸ್’ ತೆರೆದು ಪಟ್ಟಿಯನ್ನು ಇನ್‌ಸ್ಟಾಲ್ ಮಾಡಿದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಬಂದು ಕೂತವೆಲ್ಲ ಒಂದೇ ಕಡೆ ಸಾಲಾಗಿ ಕಾಣುತ್ತವೆ. ಮೊದಲು ಆ ಆಂಟಿವೈರಸ್ ತೆಗೆಯಿರಿ, ಆಮೇಲೆ ಉಳಿದವು. ಅಂದು ಹಾಕಿದ ಪಿಡಿಎಫ್ ಸಾಫ್ಟ್‌ವೇರನ್ನೂ ತೆಗೆಯಿರಿ. ತೆಗೆಯುವಾಗಲೂ ಅದೇ ಆಟ ಇರುತ್ತದೆ: ‘ಕೀಪ್’ ದೊಡ್ಡದಾಗಿ, ‘ಅನ್‌ಇನ್‌ಸ್ಟಾಲ್’ ಸಣ್ಣದಾಗಿ. ನಿಧಾನವಾಗಿ ಓದಿ ಒತ್ತಿ. ಒಂದು ಎಚ್ಚರಿಕೆ: ‘ಮೈಕ್ರೋಸಾಫ್ಟ್ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ಎಂಬ ಹೆಸರಿನವು ನಾಲ್ಕೈದು ಇರಬಹುದು, ಅದೇ ದಿನಾಂಕವೂ ಇರಬಹುದು. ಅವನ್ನು ಮುಟ್ಟಬೇಡಿ. ಬೇರೆ ಸಾಫ್ಟ್‌ವೇರುಗಳಿಗೆ ಅವು ಬೇಕು. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರದ ಡ್ರೈವರ್‌ಗಳನ್ನೂ ಬಿಡಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ.

ಆಂಟಿವೈರಸ್ ಮೊದಲು ತೆಗೆಯಿರಿ ಎಂದಿದ್ದಕ್ಕೆ ಕಾರಣವಿದೆ. ಬೇರೆ ಆಂಟಿವೈರಸ್ ಬಂದಾಗ ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನೇ ಬದಿಗೆ ಸರಿಯುತ್ತದೆ. ಟ್ರಯಲ್ ಅವಧಿ ಮುಗಿದು ಆ ಆಂಟಿವೈರಸ್ ಬರೀ ದುಡ್ಡು ಕೇಳುತ್ತ ಕೂತರೆ, ಕಾಯುವವರೇ ಇಲ್ಲದ ಮನೆಯಂತಾಗಬಹುದು. ಅದನ್ನು ತೆಗೆದು ರೀಸ್ಟಾರ್ಟ್ ಮಾಡಿದರೆ ಡಿಫೆಂಡರ್ ತಾನಾಗಿ ಮತ್ತೆ ಎದ್ದು ನಿಲ್ಲಬೇಕು. ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ನಲ್ಲಿ ‘ರಿಯಲ್-ಟೈಮ್ ಪ್ರೊಟೆಕ್ಷನ್’ ಆನ್ ಆಗಿದೆಯೇ ನೋಡಿ.

ಅದೇ ಪುಟದಲ್ಲಿ ಇನ್ನೊಂದು ಜಾಗ ನೋಡುವುದಿದೆ, ಫಾರ್ಮ್ಯಾಟ್ ಬೇಕೇ ಬೇಡವೇ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ‘ಮ್ಯಾನೇಜ್ ಸೆಟ್ಟಿಂಗ್ಸ್’ ಒತ್ತಿ ಕೆಳಗೆ ಹೋದರೆ ‘ಎಕ್ಸ್‌ಕ್ಲೂಷನ್ಸ್’ ಎಂದಿದೆ. ಡಿಫೆಂಡರ್ ಯಾವ ಜಾಗವನ್ನು ಪರೀಕ್ಷಿಸಬಾರದು ಎಂಬ ಪಟ್ಟಿ ಅದು. ನೀವಾಗಿ ಏನೂ ಸೇರಿಸಿಲ್ಲದಿದ್ದರೆ ಅದು ಖಾಲಿ ಇರಬೇಕು. ಅಲ್ಲಿ ಇಡೀ ಸಿ ಡ್ರೈವ್, ‘ಆಪ್‌ಡೇಟಾ’ ಅಥವಾ ‘ಟೆಂಪ್’ ಫೋಲ್ಡರ್ ಸೇರಿಕೊಂಡಿದ್ದರೆ ಬಂದಿರುವುದು ಜಾಹೀರಾತಿನ ಕಾಟವಲ್ಲ, ಕಳ್ಳತನದ ಸಾಫ್ಟ್‌ವೇರ್. ರಿಯಲ್-ಟೈಮ್ ಪ್ರೊಟೆಕ್ಷನ್ ಆನ್ ಮಾಡಿದರೂ ತಾನೇ ಆಫ್ ಆಗುತ್ತಿದ್ದರೆ, ಇಲ್ಲವೇ ‘ಇನ್‌ಸ್ಟಾಲ್ ಮಾಡುವ ಮುನ್ನ ಆಂಟಿವೈರಸ್ ಆಫ್ ಮಾಡಿ’ ಎಂದು ಅಂದು ಆ ಸಾಫ್ಟ್‌ವೇರ್ ಹೇಳಿ ನೀವು ಹಾಗೆ ಮಾಡಿದ್ದರೆ, ಅದೂ ಅಷ್ಟೇ. ದುಡ್ಡಿನ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸುವ ಕ್ರ್ಯಾಕ್, ಕೀಜೆನ್, ಆಫೀಸ್ ಆಕ್ಟಿವೇಟರ್ ಹಾಕಿದ್ದರೂ ಅನುಮಾನ ಇಟ್ಟುಕೊಳ್ಳಲೇಬೇಕು. ಇವು ಯಾವುವೂ ಇಲ್ಲದಿದ್ದರೆ ಫಾರ್ಮ್ಯಾಟ್ ಬೇಡ, ಮುಂದಿನ ಕೆಲಸ ಸಾಕು.

ಆ ‘5 ವೈರಸ್ ಸಿಕ್ಕಿವೆ’ ಎಂಬುದು ಬಹುತೇಕ ಸಲ ವೈರಸ್ಸೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ಯಾವುದೋ ತಾಣದಲ್ಲಿ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೌ ಒತ್ತಿ’ ಎಂದಿರುತ್ತದೆ. ಒತ್ತಿದಾಗ ಆ ತಾಣಕ್ಕೆ ನೋಟಿಫಿಕೇಷನ್ ಕಳಿಸುವ ಅನುಮತಿ ಸಿಕ್ಕಿರುತ್ತದೆ, ಅಷ್ಟೇ. ಎಚ್ಚರಿಕೆಯ ಕಿಟಕಿಯನ್ನು ಹತ್ತಿರದಿಂದ ನೋಡಿ: ಸಣ್ಣ ಅಕ್ಷರದಲ್ಲಿ ‘ಗೂಗಲ್ ಕ್ರೋಮ್’ ಎಂದೂ ಅದರ ಹತ್ತಿರ ಒಂದು ತಾಣದ ವಿಳಾಸವೂ ಇರುತ್ತದೆ. ಕ್ರೋಮ್‌ನ ‘ಸೆಟ್ಟಿಂಗ್ಸ್’, ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ಗೆ ಹೋಗಿ, ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ಗುರುತಿಲ್ಲದವನ್ನೆಲ್ಲ ತೆಗೆಯಿರಿ. ಮೇಲುಗಡೆ ‘ಯಾವ ತಾಣಕ್ಕೂ ನೋಟಿಫಿಕೇಷನ್ ಬೇಡ’ ಎಂಬ ಆಯ್ಕೆ ಇದೆ. ಅಂಗಡಿಯ ಕಂಪ್ಯೂಟರಿಗೆ ಅದನ್ನೇ ಇಡುವುದು ಒಳ್ಳೆಯದು. ಎಡ್ಜ್ ಬಳಸುತ್ತಿದ್ದರೆ ಅದರಲ್ಲೂ ಇದೇ ಕೆಲಸ ಮಾಡಿ.

ಸರ್ಚ್ ಪುಟ ಬದಲಾಗಿರುವುದು ಸಾಮಾನ್ಯವಾಗಿ ಎಕ್ಸ್‌ಟೆನ್ಷನ್‌ನಿಂದ, ಅಂದರೆ ಬ್ರೌಸರಿಗೆ ಸೇರಿಕೊಳ್ಳುವ ಸಣ್ಣ ಸಾಫ್ಟ್‌ವೇರಿನಿಂದ. ಎಕ್ಸ್‌ಟೆನ್ಷನ್ ಪುಟದಲ್ಲಿ ನೀವು ಹಾಕದವನ್ನು ‘ರಿಮೂವ್’ ಮಾಡಿ. ನಂತರ ಕ್ರೋಮ್‌ನ ‘ರೀಸೆಟ್ ಸೆಟ್ಟಿಂಗ್ಸ್’ ಒತ್ತಿ. ಬುಕ್‌ಮಾರ್ಕ್, ಸೇವ್ ಆದ ಪಾಸ್‌ವರ್ಡ್ ಹೋಗುವುದಿಲ್ಲ. ಎಕ್ಸ್‌ಟೆನ್ಷನ್‌ಗಳು ನಿಷ್ಕ್ರಿಯವಾಗುತ್ತವೆ, ಸರ್ಚ್ ಮತ್ತು ಹೋಮ್ ಪುಟ ಮೊದಲಿನಂತಾಗುತ್ತವೆ. ಕೆಲವೊಮ್ಮೆ ರಿಮೂವ್ ಬಟನ್ನೇ ಕೆಲಸ ಮಾಡುವುದಿಲ್ಲ, ಮೆನುವಿನ ಕೆಳಗೆ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್’ ಎಂದು ಬರುತ್ತದೆ. ದೊಡ್ಡ ಕಚೇರಿಗಳು ತಮ್ಮ ಕಂಪ್ಯೂಟರುಗಳ ಮೇಲೆ ಹಾಕುವ ಪಾಲಿಸಿಯನ್ನು ಆ ಸಾಫ್ಟ್‌ವೇರ್ ನಿಮ್ಮ ಮೇಲೆ ಹಾಕಿದೆ ಎಂದು ಅದರರ್ಥ. ಇದು ಇರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ: ‘ಎಚ್‌ಕೀ ಲೋಕಲ್ ಮಷೀನ್’, ‘ಸಾಫ್ಟ್‌ವೇರ್’, ‘ಪಾಲಿಸೀಸ್’, ‘ಗೂಗಲ್’, ಅದರೊಳಗೆ ‘ಕ್ರೋಮ್’. ‘ಎಚ್‌ಕೀ ಕರೆಂಟ್ ಯೂಸರ್’ ಕೆಳಗೂ ಇದೇ ಹೆಸರಿನ ಫೋಲ್ಡರ್ ಇರಬಹುದು. ಸ್ವಂತ ಅಂಗಡಿಯ ಕಂಪ್ಯೂಟರಿಗೆ ಇಂಥ ಪಾಲಿಸಿ ಬೇಕಿಲ್ಲ, ಆದರೆ ಕೆಲವು ಆಂಟಿವೈರಸ್‌ಗಳೂ ತಮ್ಮ ಎಕ್ಸ್‌ಟೆನ್ಷನ್‌ಗಾಗಿ ಇಲ್ಲಿ ಬರೆಯುತ್ತವೆ. ಹಾಗಾಗಿ ಆ ಫೋಲ್ಡರನ್ನು ಮೊದಲು ‘ಎಕ್ಸ್‌ಪೋರ್ಟ್’ ಮಾಡಿ ಇಟ್ಟುಕೊಂಡು ಆಮೇಲೆ ಅಳಿಸಿ. ರಿಜಿಸ್ಟ್ರಿ ಮುಟ್ಟಿ ಅಭ್ಯಾಸವಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಶಾರ್ಟ್‌ಕಟ್ ಮೇಲೂ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ‘ಟಾರ್ಗೆಟ್’ ಸಾಲು ಸಾಮಾನ್ಯವಾಗಿ ಕ್ರೋಮ್ ಡಾಟ್ ಇಎಕ್ಸ್‌ಇ ಎಂದು ಉದ್ಧರಣ ಚಿಹ್ನೆಯೊಂದಿಗೆ ಮುಗಿಯುತ್ತದೆ. ಅದರಾಚೆ ಯಾವುದಾದರೂ ತಾಣದ ವಿಳಾಸ ಅಂಟಿಕೊಂಡಿದ್ದರೆ, ಏನೇ ರೀಸೆಟ್ ಮಾಡಿದರೂ ಆ ಪುಟ ಮತ್ತೆ ಬರುತ್ತದೆ. ಅಷ್ಟನ್ನು ಅಳಿಸಿ. ‘ನೆಟ್‌ವರ್ಕ್ ಅಂಡ್ ಇಂಟರ್‌ನೆಟ್’ನ ‘ಪ್ರಾಕ್ಸಿ’ಯಲ್ಲಿ ಸೆಟಪ್ ಸ್ಕ್ರಿಪ್ಟ್, ಪ್ರಾಕ್ಸಿ ಸರ್ವರ್ ಎರಡೂ ಆಫ್ ಇರಲಿ. ಇದನ್ನು ಜನ ಮರೆಯುತ್ತಾರೆ, ಆಮೇಲೆ ನೆಟ್ಟೇ ಬರುತ್ತಿಲ್ಲ ಎಂದು ಒದ್ದಾಡುತ್ತಾರೆ.

ತೆಗೆದದ್ದು ಮರುದಿನ ಮತ್ತೆ ಬಂದರೆ, ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ‘ಟಾಸ್ಕ್ ಶೆಡ್ಯೂಲರ್’ನಲ್ಲಿ ಅದರ ಬೇರು ಇರುತ್ತದೆ. ಅದರ ಲೈಬ್ರರಿಯಲ್ಲಿ ತೊಂದರೆಯ ದಿನವೇ ಹುಟ್ಟಿದ, ‘ಆಕ್ಷನ್ಸ್’ ಟ್ಯಾಬ್‌ನಲ್ಲಿ ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನ ಫೈಲನ್ನು ಓಡಿಸುವ ಕೆಲಸ ಇದ್ದರೆ ಮೊದಲು ‘ಡಿಸೇಬಲ್’ ಮಾಡಿ. ಎರಡು ದಿನ ಏನೂ ಕೆಡದಿದ್ದರೆ ಅಳಿಸಿ. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್ ಆಪ್ಸ್’ ಪಟ್ಟಿಯನ್ನೂ ಒಮ್ಮೆ ನೋಡಿ.

ಇಷ್ಟಾದ ಮೇಲೆ ನೆಟ್ ಹಾಕಿ ಡಿಫೆಂಡರ್ ಅಪ್‌ಡೇಟ್ ಮಾಡಿ, ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರ್ತಿ ಏಳುವ ಮೊದಲೇ ಪರೀಕ್ಷೆ ನಡೆಯುತ್ತದೆ, ಸುಮಾರು 15 ನಿಮಿಷ ಹಿಡಿಯುತ್ತದೆ. ಜಾಹೀರಾತು ಸಾಫ್ಟ್‌ವೇರಿನ ಚೂರುಪಾರು ಹುಡುಕಲು ಮಾಲ್‌ವೇರ್‌ಬೈಟ್ಸ್‌ನವರ ‘ಆಡ್‌ಡಬ್ಲ್ಯೂಕ್ಲೀನರ್’ ಉಚಿತ, ಇನ್‌ಸ್ಟಾಲ್ ಮಾಡುವ ಅಗತ್ಯವೂ ಇಲ್ಲ. ಅದನ್ನು ಅವರ ಸ್ವಂತ ತಾಣದಿಂದಲೇ ತನ್ನಿ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ದಲ್ಲೂ ಉಚಿತ ಉಪಕರಣಗಳಿವೆ. ರಿಜಿಸ್ಟ್ರಿ ಕ್ಲೀನರ್, ಸ್ಪೀಡ್ ಬೂಸ್ಟರ್ ಯಾವುದೂ ಬೇಡ. ಈ ಕಾಟ ತಂದವರೇ ಅವನ್ನೂ ಮಾರುತ್ತಿರುತ್ತಾರೆ.

ಮೇಲೆ ಹೇಳಿದ ಕಳ್ಳತನದ ಗುರುತು ಕಂಡರೆ ಮಾತ್ರ ದಾರಿ ಬೇರೆ. ಆಗ ತೆಗೆಯುತ್ತ ಕೂರಬೇಡಿ. ನಿಮ್ಮ ಪಿಡಿಎಫ್, ಫೋಟೋ, ನುಡಿ ಕಡತಗಳನ್ನಷ್ಟೇ ನಕಲು ಮಾಡಿಕೊಳ್ಳಿ, ಯಾವುದೇ ಸೆಟಪ್ ಫೈಲ್ ಬೇಡ. ಇನ್ನೊಂದು ಒಳ್ಳೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ ಬಳಸಿ 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿ, ಅದರಿಂದ ಪಾರ್ಟಿಷನ್‌ಗಳನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಕ್ರೋಮ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳೆಲ್ಲ ಹೋಗಿವೆ ಎಂದೇ ಲೆಕ್ಕ ಹಾಕಿ. ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಮೊದಲು ಇಮೇಲ್, ನಂತರ ಬ್ಯಾಂಕ್, ಆಮೇಲೆ ಸರ್ಕಾರಿ ಪೋರ್ಟಲ್‌ಗಳ ಪಾಸ್‌ವರ್ಡ್ ಬದಲಿಸಿ. ಬದಲಿಸಿದರೆ ಮಾತ್ರ ಸಾಲದು, ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಮಾಡಿ. ಈ ಕಳ್ಳ ಸಾಫ್ಟ್‌ವೇರುಗಳು ನೀವು ಲಾಗಿನ್ ಆಗಿದ್ದೀರಿ ಎಂದು ಬ್ರೌಸರ್ ಇಟ್ಟುಕೊಳ್ಳುವ ಗುರುತನ್ನೇ, ಅಂದರೆ ಕುಕೀಯನ್ನೇ ಕದಿಯುತ್ತವೆ, ಅದು ಅವರ ಕೈಲಿದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪಿಡಿಎಫ್ ಸಾಫ್ಟ್‌ವೇರ್ ‘ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಅದೊಂದು ಇರಲಿ’ ಎನ್ನಿಸಬಹುದು. ಬೇಡ. 2025ರಲ್ಲಿ ‘ಆಪ್‌ಸೂಟ್ ಪಿಡಿಎಫ್ ಎಡಿಟರ್’ ಎಂಬ ಉಚಿತ ಸಾಫ್ಟ್‌ವೇರ್ ಗೂಗಲ್ ಜಾಹೀರಾತುಗಳ ಮೂಲಕ ಹರಡಿತು. ಜೂನ್ ಕೊನೆಯಿಂದ ಸುಮಾರು ಎಂಟು ವಾರ ಅದು ಸಾಧು ಪಿಡಿಎಫ್ ಸಾಫ್ಟ್‌ವೇರಿನಂತೆಯೇ ನಡೆದುಕೊಂಡಿತು. ಆಗಸ್ಟ್ 21ರಂದು ಬಂದ ಅಪ್‌ಡೇಟ್‌ನಿಂದ ಬ್ರೌಸರಿನ ಪಾಸ್‌ವರ್ಡ್, ಕುಕೀ ಕದಿಯಲು ಶುರುಮಾಡಿತು. ಹಾಕಿದ ದಿನ ಸ್ಕ್ಯಾನ್ ಮಾಡಿ ‘ಏನೂ ಇಲ್ಲ’ ಎಂದವರೂ ಸಿಕ್ಕಿಬಿದ್ದರು.

ಪಿಡಿಎಫ್ ಜೋಡಿಸಲು ನಿಮ್ಮ ಅಂಗಡಿಗೆ ‘ನ್ಯಾಪ್ಸ್2’ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಸರಿಹೊಂದುತ್ತದೆ. ಸ್ಕ್ಯಾನರಿನಿಂದ ನೇರ ತೆಗೆದುಕೊಳ್ಳುತ್ತದೆ, ಇರುವ ಪಿಡಿಎಫ್‌ಗಳನ್ನೂ ಒಳಗೆ ತಂದು, ಪುಟ ಹಿಂದೆಮುಂದೆ ಮಾಡಿ ಒಂದೇ ಕಡತವಾಗಿ ಉಳಿಸುತ್ತದೆ. ಪೋರ್ಟಲ್‌ಗೆ ಕಡಿಮೆ ಗಾತ್ರದ ಕಡತ ಬೇಕಾದಾಗ ‘ಕಂಪ್ರೆಸರ್’ ಹುಡುಕುವ ಬದಲು, ಮೊದಲೇ 100ರಿಂದ 150 ಡಿಪಿಐನಲ್ಲಿ, ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿ. ಗುರುತಿಲ್ಲದ ಆನ್‌ಲೈನ್ ತಾಣಕ್ಕೆ ಗಿರಾಕಿಯ ಆಧಾರ್ ಅಪ್‌ಲೋಡ್ ಮಾಡುವುದಂತೂ ಬೇಡವೇ ಬೇಡ. ಅವರು ನಿಮ್ಮನ್ನು ನಂಬಿ ಕೊಟ್ಟ ಕಾಗದ ಅದು.

ನುಡಿಯನ್ನು ಅಭಿವೃದ್ಧಿಪಡಿಸಿದ್ದು ಕನ್ನಡ ಗಣಕ ಪರಿಷತ್ತು, ಅದು ಉಚಿತ. ಹಳೆಯ ನುಡಿ ಫಾಂಟಿನ ಕಡತಗಳ ಕೆಲಸ ಇದ್ದರೆ ನುಡಿಯೇ ಬೇಕು, ಆಗ ಪರಿಷತ್ತಿನ ಅಥವಾ ಸರ್ಕಾರದ ತಾಣದಿಂದ ಮಾತ್ರ ತನ್ನಿ. ಬರೀ ಯೂನಿಕೋಡ್‌ನಲ್ಲಿ ಹೆಸರು, ವಿಳಾಸ ತುಂಬುವುದಾದರೆ ಹೊರಗಿನಿಂದ ಏನೂ ತರಬೇಕಿಲ್ಲ. ‘ಟೈಮ್ ಅಂಡ್ ಲಾಂಗ್ವೇಜ್’ನಲ್ಲಿ ಕನ್ನಡ ಸೇರಿಸಿದರೆ ವಿಂಡೋಸ್‌ನಲ್ಲೇ ಕೀಬೋರ್ಡ್ ಇದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ‘ಕನ್ನಡ ಫೊನೆಟಿಕ್’ ಕೂಡ 2019ರ ಮೇ ಅಪ್‌ಡೇಟಿನಿಂದ ಸಿಗುತ್ತಿದೆ. ನುಡಿಯ ಕೀಲಿ ವಿನ್ಯಾಸಕ್ಕೆ ಕೈ ಹೊಂದಿಕೊಂಡವರಿಗೆ ಇದು ಒಗ್ಗದಿರಬಹುದು, ಅದು ನಿಜ.

ಇನ್ನು ಮುಂದೆ ಹೊಸದೇನಾದರೂ ಹಾಕುವಾಗ ಗೂಗಲ್ ಫಲಿತಾಂಶದಲ್ಲಿ ‘ಸ್ಪಾನ್ಸರ್ಡ್’ ಎಂದಿರುವುದನ್ನು ಒತ್ತಬೇಡಿ. ತಾಣದ ಹೆಸರನ್ನು ಹೋಲುವ ವಿಳಾಸ ಮಾಡಿಕೊಂಡು ಜಾಹೀರಾತು ಹಾಕುವವರ ಬಗ್ಗೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿತ್ತು. ಡೌನ್‌ಲೋಡ್ ಆದ ಫೈಲಿನ ಗಾತ್ರ ನೋಡಿ. ವಿಎಲ್‌ಸಿ ಪ್ಲೇಯರಿನ ಅಸಲಿ ಸೆಟಪ್ 40 ಎಂಬಿಗೂ ಮೇಲಿದೆ, ನಿಮಗೆ ಬಂದದ್ದು 2 ಎಂಬಿ ಎಂದರೆ ಅದು ಹೊದಿಕೆ. ಕ್ರೋಮ್‌ನಂಥ ಕೆಲವಕ್ಕೆ ಅಸಲಿ ಸೆಟಪ್ಪೇ ಸಣ್ಣದಿರುತ್ತದೆ, ಹಾಗಾಗಿ ಗಾತ್ರವೊಂದನ್ನೇ ನಂಬಲಾಗದು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ತೆರೆಯಿರಿ. ವಿಎಲ್‌ಸಿ ಎಂದಮೇಲೆ ಸಹಿ ಅದನ್ನು ತಯಾರಿಸುವ ವಿಡಿಯೋಲ್ಯಾನ್ ಹೆಸರಲ್ಲಿರಬೇಕು, ಕೇಳರಿಯದ ಕಂಪನಿಯ ಹೆಸರಲ್ಲಲ್ಲ. ಪರದೆ ಮಬ್ಬಾಗಿ ‘ಎಸ್’ ಅಥವಾ ‘ನೋ’ ಕೇಳುವ ಕಿಟಕಿಯಲ್ಲೂ ಇದೇ ಹೆಸರು ಕಾಣುತ್ತದೆ. ಬೇರೆ ಹೆಸರಿದ್ದರೆ ‘ನೋ’ ಒತ್ತಲು ಅದೇ ಕೊನೆಯ ಅವಕಾಶ.

ಸಹಿಗೂ ಮಿತಿ ಇದೆ. 7-ಜಿಪ್‌ನಂಥ ಒಳ್ಳೆಯ ಸಾಫ್ಟ್‌ವೇರ್ ವರ್ಷಗಳಿಂದ ಸಹಿ ಇಲ್ಲದೆಯೇ ಬಂದಿದೆ, ಅದಕ್ಕೆ ತಾಣದ ವಿಳಾಸವೇ ಆಧಾರ. ಇನ್ನೊಂದೆಡೆ 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡುವ ಸಾಫ್ಟ್‌ವೇರ್ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದಾಳಿಕೋರರು ಕೋಡ್ ಸೇರಿಸಿದ್ದರು. ಅದು ಕಂಪನಿಯ ಸ್ವಂತ ತಾಣದಲ್ಲೇ ಇತ್ತು, ಸಹಿಯೂ ಅಸಲಿಯೇ. ಸುಮಾರು 22 ಲಕ್ಷ ಕಂಪ್ಯೂಟರುಗಳಿಗೆ ಅದು ಹೋಗಿತ್ತು. ಅದಕ್ಕೇ ಕೌಂಟರಿನ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಎರಡು ಸೆಟ್ಟಿಂಗ್‌ಗಳನ್ನು ಇಂದೇ ಮಾಡಿ. ‘ವಿಂಡೋಸ್ ಸೆಕ್ಯುರಿಟಿ’ಯ ‘ಆಪ್ ಅಂಡ್ ಬ್ರೌಸರ್ ಕಂಟ್ರೋಲ್’ನಲ್ಲಿ ‘ರೆಪ್ಯುಟೇಷನ್-ಬೇಸ್ಡ್ ಪ್ರೊಟೆಕ್ಷನ್’ ತೆರೆದು ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್’ ಆನ್ ಮಾಡಿ, ಅದರ ಕೆಳಗಿನ ‘ಬ್ಲಾಕ್ ಆಪ್ಸ್’, ‘ಬ್ಲಾಕ್ ಡೌನ್‌ಲೋಡ್ಸ್’ ಎರಡಕ್ಕೂ ಟಿಕ್ ಇರಲಿ. ನೀವು ಅನುಭವಿಸಿದ ಜಾತಿಯ ಸಾಫ್ಟ್‌ವೇರಿಗೆಂದೇ ಇರುವ ತಡೆ ಇದು.

ಎರಡನೆಯದು ಲಾಗಿನ್ ವಿಚಾರ. ‘ಅಕೌಂಟ್ಸ್’, ‘ಅದರ್ ಯೂಸರ್ಸ್’ನಲ್ಲಿ ಅಂಗಡಿ ಕೆಲಸಕ್ಕೆಂದು ಹೊಸ ಖಾತೆ ತೆರೆಯಿರಿ, ಅದು ‘ಸ್ಟ್ಯಾಂಡರ್ಡ್ ಯೂಸರ್’ ಆಗಿರಲಿ. ಅಡ್ಮಿನಿಸ್ಟ್ರೇಟರ್ ಖಾತೆಗೆ ಬೇರೆ ಪಾಸ್‌ವರ್ಡ್ ಇಟ್ಟು ಅದು ನಿಮಗೊಬ್ಬರಿಗೇ ಗೊತ್ತಿರಲಿ. ಆಮೇಲೆ ಕೌಂಟರಿನಲ್ಲಿ ಕೂರುವ ಹುಡುಗರು ಅವಸರದಲ್ಲಿ ಏನೇ ಒತ್ತಿದರೂ ಇಡೀ ವಿಂಡೋಸ್‌ಗೆ ಕೈಹಾಕುವ ಇನ್‌ಸ್ಟಾಲರ್ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಆ ಒಂದು ಖಾತೆಯೊಳಗಷ್ಟೇ ಕೂರುವ ಆಪ್‌ಗಳನ್ನು ಇದು ತಡೆಯದು, ಆದರೆ ತೆಗೆಯುವುದು ಸುಲಭ: ಆ ಖಾತೆ ಅಳಿಸಿ ಹೊಸದು ಮಾಡಿದರೆ ಆಯಿತು. ಅದಕ್ಕೆ ಮುನ್ನ ಬೇಕಾದ ಕಡತಗಳನ್ನು ಹೊರಗೆ ತೆಗೆದಿಡಿ, ಖಾತೆಯ ಜೊತೆ ಅದರ ಫೋಲ್ಡರುಗಳೂ ಹೋಗುತ್ತವೆ. ಗಿರಾಕಿಗಳ ಲಾಗಿನ್‌ಗಳಿಗೆ ಕ್ರೋಮ್‌ನ ‘ಗೆಸ್ಟ್’ ಕಿಟಕಿ ಬಳಸಿ, ಮುಚ್ಚಿದೊಡನೆ ಅದರ ಕುಕೀಗಳೆಲ್ಲ ಅಳಿಯುತ್ತವೆ. ಸ್ಕ್ಯಾನ್ ಫೋಲ್ಡರನ್ನು ದಿನಾ ರಾತ್ರಿ ಬಾಗಿಲು ಹಾಕುವ ಮುನ್ನ ಖಾಲಿ ಮಾಡಿ, ರೀಸೈಕಲ್ ಬಿನ್ ಸಮೇತ.